ಜಗುಲಿಯ ಮೇಲಿನ ಅರ್ಧ ಡಬ್ಬಿ

ತೊಂಬತ್ತಾರರಲ್ಲಿ ವರ್ಗವಾಗಿ ಮನೋಳಿಗೆ ಬಂದ ನಾನು ಮೊದಲು ಹೌಹಾರಿದ್ದು ನಮ್ಮ ಬಾಡಿಗೆ ಮನೆಯ ಮಾಲೀಕ ಮಡಿವಾಳೆಪ್ಪನವರ ಪೂಜೆಯ ಜಗುಲಿ ನೋಡಿ: ದೇವರ ಪಕ್ಕದಲ್ಲಿ ಅರ್ಧ ಖಾಲಿಯಾದ ಟ್ರ್ಯಾಕ್ಟರಿನ ಇಂಜಿನ್ ಆಯಿಲ್ ಡಬ್ಬಿ, ಅದಕ್ಕೂ ಎಲ್ಲಮ್ಮನ ಭಂಡಾರದ ಅರಿಶಿನ! "ಹೊರಗ ಬಿಸಲು, ಧೂಳ ರೀ. ಮುಚ್ಚಳ ತಗದ ಎಣ್ಣಿ ತಂಪಿನ್ಯಾಗ ಇರಬೇಕು" ಎಂದರು, ಡಬ್ಬಿಯ ಬಾಯಿಗೆ ಸುತ್ತಿದ ಪ್ಲಾಸ್ಟಿಕ್ಕಿನ ದಾರ ಬಿಗಿಯುತ್ತ. ಊರವರ ಎಣ್ಣೆಯ ವಿಷಯದಲ್ಲಿ ಮಾತ್ರ ಅವರಷ್ಟು ನಿರ್ದಯಿ ಇನ್ನೊಬ್ಬರಿಲ್ಲ. ಯಾರ ಪಂಪ್‌ಸೆಟ್ಟಿನ ಡಬ್ಬಿ ಕಂಡರೂ ಬೆರಳಲ್ಲಿ ತಿಕ್ಕಿ, ಮೂಸಿ, ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಹೌಹಾರುವ ಸರದಿ ಅವರದು: "ಅಯ್ಯ ಶಿವನ! ನೀರು ಹೊಕ್ಕೈತಿ. ಇದನ್ನ ಹಾಕಿ ಇಂಜಿನ್ ಕೊಲ್ಲಾವ್ರೇನ್ರಿ? ಗ್ಯಾರೇಜಿನ ಪೀಪಾಯಿಗೆ ಸುರುವಿ ಬರ್ರಿ!" ಒಮ್ಮೆ ನನ್ನ ಬೈಕಿನ ಡಬ್ಬಿಯನ್ನು ನನ್ನನ್ನು ಕೇಳದೆಯೇ ಒಯ್ದು ಸುರಿದು ಬಂದರು. ಅಂಥವರ ಜಗುಲಿಯ ಡಬ್ಬಿಯೊಳಗೆ ಒಂದು ದಿನ ಇಣುಕಿದರೆ, ಪೂರಾ ಮಜ್ಜಿಗೆ! ತಳದಲ್ಲಿ ಕೆಸರು ಬೇರೆ. "ಏನ್ರಿ ಇದು! ಇದನ್ನ ಟ್ರ್ಯಾಕ್ಟರಿಗೆ ಹಾಕ್ತೀರಾ?" ಎಂದು ಕೂಗಿಬಿಟ್ಟೆ. "ಟ್ರ್ಯಾಕ್ಟರ್ ಎಲ್ಲೈತ್ರಿ? ಮನಿ ಪಾಲಾದಾಗ ತಮ್ಮ ಕಲ್ಮೇಶಗ ಹೋತು. ಅವತ್ತಿಂದ ಮಾತೂ ಇಲ್ಲ." "ಹಾಗಾದರೆ ಕೆಟ್ಟ ಎಣ್ಣೆ ಯಾಕೆ, ಚೆಲ್ಲಿಬಿಡಿ." ಮಡಿವಾಳೆಪ್ಪ ಡಬ್ಬಿಯನ್ನು ನನ್ನ ಕೈಯಿಂದ ಕಸಿದುಕೊಂಡು ಎದೆಗೆ ಒತ್ತಿಕೊಂಡರು. "ಕೆಟ್ಟಿದ್ದು ನನಗೂ ಗೊತ್ತೈತ್ರಿ. ಹಿರ್ಯಾರು ಸೌಟು ಸಹಿತ ಹಂಚಿದ್ರು, ಇದೊಂದನ್ನ ಮರತ್ರು. ನಮ್ಮ ಅಣ್ಣ-ತಮ್ಮರ ನಡುವ ಪಾಲಾಗಲಾರದ ಉಳದದ್ದು ಇಷ್ಟ ನೋಡ್ರಿ."