ನೇದಕ್ಕ ಕಟ್ಟಿದ ದಾರ

ಕ್ಯುಸ್ತೆಂದಿಲ್ ಬಳಿಯ ನಮ್ಮ ಸಂಶೋಧನಾ ತೋಟದಲ್ಲಿ ನೇದಕ್ಕ ಮೂವತ್ತೊಂದು ವರ್ಷ ಮಾಡಿದ್ದು ಒಂದೇ ಕೆಲಸ: ಪ್ಲಮ್ ಮರಗಳ ಎಲೆ ತಿರುವಿ ರೋಗದ ಕಲೆ, ಅಂದರೆ ಉಂಗುರಗಳನ್ನು ಹುಡುಕುವುದು. ಉಂಗುರ ಬಿದ್ದ ಮರಕ್ಕೆ ಮದ್ದಿಲ್ಲ. ಅದಕ್ಕವಳು ಕೆಂಪು ದಾರ ಕಟ್ಟುತ್ತಿದ್ದಳು. ವಸಂತದಲ್ಲಿ ಆಳುಗಳು ಬಂದು ದಾರ ನೋಡಿ ಕಡಿದು, ಅಲ್ಲೇ ಸುಡುತ್ತಿದ್ದರು. ಪ್ರಬಂಧ ಬರೆದು ಹೆಸರು ಮಾಡಿದವರಲ್ಲಿ ಎಷ್ಟು ಜನ ಆ ಎಲೆ ಮುಟ್ಟಿದ್ದರೋ, ಆ ಮಾತು ಬಿಡಿ.

ನಾನೂರ ಹದಿನೇಳನೆಯ ಮರಕ್ಕೆ ಮಾತ್ರ ಹನ್ನೊಂದು ವರ್ಷ ಒಂದು ಉಂಗುರವೂ ಬೀಳಲಿಲ್ಲ. "ಈ ಬೇಸಿಗೆಗೆ ಇದರಿಂದ ಕಸಿ ಕಟ್ಟೋಣ" ಎಂದಿದ್ದರು ತೋಟದ ವಿಜ್ಞಾನಿ ಡಾಕ್ಟರ್ ಕಲೋಯಾನ್.

ನಮ್ಮ ಕಡೆಯ ಪದ್ಧತಿಯಂತೆ ಮಾರ್ಚ್ ಒಂದಕ್ಕೆ ನಾವೆಲ್ಲ ಕೈಗೆ ಕೆಂಪು-ಬಿಳಿ ಹುರಿ ಕಟ್ಟಿಕೊಳ್ಳುತ್ತೇವೆ. ಹೂಬಿಟ್ಟ ಮೊದಲ ಮರ ಕಂಡಾಗ ಅದನ್ನು ಬಿಚ್ಚಿ, ಏನಾದರೂ ಬೇಡಿಕೊಂಡು, ಕೊಂಬೆಗೆ ಕಟ್ಟುತ್ತೇವೆ. ಆ ವರ್ಷ ಮೊದಲು ಹೂಬಿಟ್ಟದ್ದು ಅದೇ ಮರ. ನೇದಕ್ಕ ತನ್ನ ಹುರಿಯನ್ನು ಅದಕ್ಕೇ ಕಟ್ಟಿದಳು. ಆಮೇಲೆ ವಾರವಿಡೀ ಮಳೆ. ಅಗ್ಗದ ಬಣ್ಣ ಬಿಟ್ಟುಕೊಂಡು ಬಿಳಿಯೆಲ್ಲ ಕೆಂಪಾಯಿತು.

ಆಳುಗಳು ಬಂದಿದ್ದಾರೆಂದು ತಿಳಿದು ನಾವು ಓಡಿ ಹೋಗುವಷ್ಟರಲ್ಲಿ ಆ ಮರದ ಬೂದಿ ಹೊಗೆಯಾಡುತ್ತಿತ್ತು.

"ಕೆಂಪು ದಾರ ಇತ್ತಲ್ಲಮ್ಮಾ," ಎಂದ ಕಡಿದವನು. "ಹೂಬಿಟ್ಟ ಮರ ಕಡಿಯೋಕೆ ನನಗೇನು ಖುಷಿನಾ?"

ಡಾಕ್ಟರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕಟ್ಟುವಾಗ ಏನು ಬೇಡಿಕೊಂಡ್ರಿ, ನೇದಕ್ಕಾ?" ಎಂದರು.

"ಈ ಮರ ನೂರು ಕಾಲ ಬಾಳಲಿ ಅಂತ, ಸಾರ್."