ಸರ್ವೆ ಮರದ ಸೊಪ್ಪಿನ ತೂಕ

ಕೋಡಿಹಳ್ಳಿ ಹತ್ತಿರ ದೊಡ್ಡಪ್ಪನದೊಂದು ಸರ್ವೆ ತೋಪಿತ್ತು. ಮರವನ್ನು ಕಡಿಯದೆ, ಬರೀ ಕಾಂಡ ಅಳೆದು ಅದರ ಮೇಲೆ ಎಷ್ಟು ಸೊಪ್ಪಿದೆ ಎಂದು ಹೇಳಬಹುದೇ? ಇದು ನನ್ನ ಎಂ.ಎಸ್ಸಿ. ಪ್ರಾಜೆಕ್ಟು. ಹಾಗೆ ಹೇಳಬೇಕಾದರೆ ಮೊದಲು ಒಂದಷ್ಟು ಮರ ಅಳೆದು, ಕಡಿದು, ಸೂಜಿಯಂಥ ಆ ಸೊಪ್ಪನ್ನೆಲ್ಲ ಬಿಡಿಸಿ ತೂಗಲೇಬೇಕು. ದೊಡ್ಡಪ್ಪ ಹೇಗೂ ತೋಪನ್ನು ಕಟ್ಟಡದ ಗಳಕ್ಕೆಂದು ಕಡಿಸುತ್ತಿದ್ದರು.

"ಸೋಮವಾರ ಲಾರಿ ಬತ್ತದೆ ಕಣವ್ವ. ಅಷ್ಟ್ರೊಳಗೆ ನಿನ್ ಲೆಕ್ಕ ಮುಗಿಸ್ಕೊ," ಎಂದರು.

ಮೊದಲ ದಿನ ಎದೆಯೆತ್ತರದಲ್ಲಿ ಟೇಪು ಸುತ್ತಿ ಅಳೆದೆ. ಮರ ಉರುಳಿದ ಮೇಲೆ ದೊಡ್ಡಮ್ಮನೂ ನಾನೂ ಟಾರ್ಪಾಲಿನ ಮೇಲೆ ಕೂತು ಸೊಪ್ಪು ಬಿಡಿಸಿ ತೂಗಿದೆವು. ಸಂಜೆ ನೋಡಿದರೆ ಲೆಕ್ಕ ದಿಕ್ಕಾಪಾಲು. ಒಂದೇ ದಪ್ಪದ ಎರಡು ಮರ. ಬದುವಿನಂಚಿನದರಲ್ಲಿ ಸೊಪ್ಪೋ ಸೊಪ್ಪು, ತೋಪಿನೊಳಗಿನದರಲ್ಲಿ ಅದರ ಅರ್ಧವೂ ಇಲ್ಲ. ಗೈಡಿಗೆ ಫೋನ್ ಮಾಡಿದೆ. "ಟೈಮಿಲ್ಲಮ್ಮ, ಬೇರೆ ಟಾಪಿಕ್ ತಗೊಳ್ಳಿ," ಎಂದರು.

"ಇಲ್ಲ ಸರ್, ಇದನ್ನೇ ಮಾಡ್ತೀನಿ," ಎಂದೆ. ನನ್ನ ಧ್ವನಿ ನನಗೇ ಒರಟಾಗಿ ಕೇಳಿಸಿತು.

ಬೆಳಿಗ್ಗೆ ತೋಪಿನಲ್ಲಿ ಸುಮ್ಮನೆ ಅಡ್ಡಾಡಿದೆ. ಒಳಗಿನ ಮರಗಳ ಕೆಳರೆಂಬೆಗಳು ಬಿಸಿಲು ಕಾಣದೆ ಒಣಗಿದ್ದವು. ಹಸಿರು ಶುರುವಾಗುತ್ತಿದ್ದುದೇ ಬಹಳ ಮೇಲೆ. ಸೊಪ್ಪಿಗೆ ನೀರುಣಿಸಿ ಸಾಕುವುದು ಹಸಿರು ಶುರುವಾಗುವಲ್ಲಿನ ಕಾಂಡ, ಎದೆಯೆತ್ತರದ್ದಲ್ಲ. ಪುಸ್ತಕದಲ್ಲಿ ಓದಿದ್ದೆ, ಕಣ್ಣಿಗೆ ಬಿದ್ದದ್ದು ಈಗ. ಉರುಳಿದ್ದ ಮರಗಳನ್ನೆಲ್ಲ ಮೊದಲ ಹಸಿರು ರೆಂಬೆಯ ಕೆಳಗೆ ಮತ್ತೆ ಅಳೆದೆ. ಈ ಸಲ ಅಳತೆಗೂ ತೂಕಕ್ಕೂ ತಾಳೆಯಾಯಿತು.

ಆದರೆ ನಿಂತ ಮರದ ಸೊಪ್ಪಿನ ತೂಕವನ್ನು ಕಡಿಯುವ ಮೊದಲೇ ಹೇಳಿದರಷ್ಟೇ ಅದು ಪರೀಕ್ಷೆ. ನಿಂತ ಮರವೊಂದಕ್ಕೆ ಏಣಿ ಒರಗಿಸಿ ಎರಡು ಮೆಟ್ಟಿಲು ಹತ್ತಿದೆ.

"ಇಳಿ ಮಗಾ, ಬಿದ್ದುಗಿದ್ದೀಯ. ನಿಮ್ಮಪ್ಪಂಗೆ ಏನಂತ ಹೇಳ್ಲಿ?" ದೊಡ್ಡಪ್ಪ ಗದರಿದರು.

"ಬಿದ್ರೆ ನಾನೇ ಹೇಳ್ತೀನಿ ಬಿಡು ದೊಡ್ಡಪ್ಪ."

ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹಿಡಿದಳು. "ನಾ ಹಿಡ್ಕಂಡಿವ್ನಿ, ಹತ್ತು."

ಮೇಲೆ ಗಾಳಿಗೆ ಕಾಂಡ ತೂಗುತ್ತಿತ್ತು. ಏಣಿಯ ಮೆಟ್ಟಿಲಿಗೆ ಕಾಲು ಸಿಕ್ಕಿಸಿ ಮೊದಲ ಹಸಿರು ರೆಂಬೆಯ ಕೆಳಗೆ ಟೇಪು ಸುತ್ತಿದೆ. ಇಳಿದು ಲೆಕ್ಕ ಹಾಕಿ, "ಹನ್ನೆರಡು ಕೆಜಿ," ಎಂದೆ. ಕಡಿದು, ಬಿಡಿಸಿ, ತೂಗಿದಾಗ ಹನ್ನೊಂದೂವರೆ ಬಂತು. ದೊಡ್ಡಪ್ಪ ಬಗ್ಗಿ ತಕ್ಕಡಿಯನ್ನೇ ನೋಡಿದರು. ಆಮೇಲೆ ತಾವೇ ಒಂದು ಮರ ಆರಿಸಿ, "ಇದುನ್ನ ಹೇಳು ನೋಡನ," ಎಂದರು. ಅದೂ ಹತ್ತಿರ ಬಂತು. ಅವರು ಲಾರಿಯವನಿಗೆ ಫೋನ್ ಮಾಡಿ, "ಬುಧವಾರ ಬಾರಪ್ಪ, ನಮ್ ಹುಡ್ಗಿ ಕೆಲ್ಸ ಒಸಿ ಐತೆ," ಎಂದದ್ದು ಕೇಳಿ ನನಗೆ ಕಣ್ಣು ತುಂಬಿತು.

ತುದಿ ಮುರಿದ ಮರವೊಂದು ಮಾತ್ರ ನನ್ನ ಲೆಕ್ಕಕ್ಕೆ ಬಗ್ಗಲಿಲ್ಲ. ಅದನ್ನೂ ಮುಚ್ಚಿಡದೆ ಬರೆದೆ. ಗೈಡ್ ಎಲ್ಲ ಓದಿ, "ಒಂದು ತೋಪು ಸಾಲಲ್ಲ," ಎಂದರು. ಮುಂದಿನ ವಾರವೇ ಗುಡೇಮಾರನಹಳ್ಳಿಯಲ್ಲಿ ಇನ್ನೊಂದು ಸರ್ವೆ ತೋಪು ಹುಡುಕಿಕೊಂಡು ಹೊರಟೆ. ದೊಡ್ಡಮ್ಮ ಜೊತೆಗಿದ್ದಳು.