ಕೆನ್ನೆಯೊಳಗಿನ ಹಗ್ಗ

ಬಾಯಿ ಬಿಗಿದು ಸತ್ತವಳು ನನ್ನ ಅಕ್ಕ. ಅವಳ ಕೈಗೆ ಅಡಿಕೆ ಇಟ್ಟವರಲ್ಲಿ ಒಬ್ಬರೂ ಸಾಯಲಿಲ್ಲ, ಒಬ್ಬರೂ ಹಸಿದಿರಲಿಲ್ಲ, ಒಬ್ಬರನ್ನೂ ಯಾರೂ ಪ್ರಶ್ನಿಸಲಿಲ್ಲ.

ಅರವತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯಿಂದ ಒಬ್ಬಳು ಓದಬಹುದಿತ್ತು, ಇನ್ನೊಬ್ಬಳು ದುಡಿಯಲೇಬೇಕಿತ್ತು. ಹೆಣ್ಣುಮಕ್ಕಳು ಪ್ರಶ್ನೆ ಕೇಳುವುದನ್ನು ಮೊದಲು ಕಲಿಯಬೇಕೆಂದು ನಂಬಿದ್ದ ಬಳ್ಳಾರಿಯ ಶಾಲೆಯೊಂದರಲ್ಲಿ ನನಗೆ ಉಚಿತವಾಗಿ ಜಾಗ ಸಿಕ್ಕಿತು. ಅಕ್ಕ ಅಮ್ಮನೊಂದಿಗೆ ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಉಳಿದಳು. ಊರಿನವರ ಕಣ್ಣಿಗೆ ಅದೃಷ್ಟವಂತೆ ನಾನು. ನನಗೋ ಅಕ್ಕನ ಮೇಲೆ ಹೊಟ್ಟೆಕಿಚ್ಚು. ನಾನು ಹಾಸ್ಟೆಲಿನಲ್ಲಿ ತಗಡಿನ ಪೆಟ್ಟಿಗೆಯ ಪಕ್ಕ ಒಬ್ಬಳೇ ಮಲಗುವಾಗ ಅವಳು ಅಮ್ಮನ ಬೆನ್ನಿಗೆ ಅಂಟಿಕೊಂಡು ಮಲಗುತ್ತಿದ್ದಳು.

ರಜೆಯಲ್ಲಿ ಅವರ ಹಿಂದೆಯೇ ಕೆಂಚನಗುಡ್ಡದ ಕಡೆಯ ಗದ್ದೆಗೆ ಹೋಗುತ್ತಿದ್ದೆ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಮೇಸ್ತ್ರಿ ಬುಟ್ಟಿ ಹಿಡಿದು ಬದುವಿನ ಮೇಲೆ ಬರುತ್ತಿದ್ದ. ಅದರಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಊಟಕ್ಕೆ ಬಿಟ್ಟರೆ ಹೆಂಗಸರು ಕೆಸರಿನಿಂದ ಮೇಲೆ ಬರುತ್ತಾರೆ, ಕೈಕಾಲು ತೊಳೆಯುತ್ತಾರೆ, ಕೂರುತ್ತಾರೆ. ಎಲೆ ಅಡಿಕೆಯ ಒಂದು ಉಂಡೆಯನ್ನು ಕೆನ್ನೆಗೆ ಒತ್ತರಿಸಿಕೊಂಡರೆ ಹಸಿವು ಅಡಗುತ್ತದೆ, ನಾಟಿ ನಿಲ್ಲುವುದಿಲ್ಲ. ಜಮೀನಿನ ಒಡೆಯರು ಇದನ್ನು ‘ಮರ್ಯಾದೆ’ ಎನ್ನುತ್ತಿದ್ದರು. ಊಟದ ಹೊತ್ತನ್ನು ಕದಿಯುವುದಕ್ಕೆ ಅವರು ಇಟ್ಟ ಹೆಸರು ಅದು.

ಆಗ ನನಗೆ ಕಂಡದ್ದು ಕಳವಲ್ಲ, ಅಕ್ಕನ ಕೆಂಪು ತುಟಿ.

“ನನಗೂ ಕೊಡ್ರಿ,” ಎಂದು ಕೈಯೊಡ್ಡಿದೆ.

“ನಿನಗ್ಯಾಕಲೇ, ಸಾಲಿ ಹುಡುಗಿ?” ಎಂದ ಮೇಸ್ತ್ರಿ. “ನಿನ್ನ ಹಲ್ಲು ಕೆಂಪಾದ್ರ ನಿಮ್ಮ ಟೀಚರಮ್ಮ ಬೆನ್ನು ಕೆಂಪು ಮಾಡ್ತಾಳ.”

ಹೆಂಗಸರೆಲ್ಲ ನಕ್ಕರು. ಅಕ್ಕನೂ ನಕ್ಕಳು. ನಾನು ಬದುವಿನ ಮೇಲೆ ಕುಳಿತು, ಅವಳ ಉಬ್ಬಿದ ಕೆನ್ನೆಯನ್ನೇ ನೋಡುತ್ತ ಆ ಮಧ್ಯಾಹ್ನವನ್ನು ಕಳೆದೆ.

ಎಪ್ಪತ್ತರ ದಶಕದಲ್ಲಿ, ಕಾಲೇಜಿನಿಂದ ಮನೆಗೆ ಬಂದಿದ್ದಾಗ, ಅಸೂಯೆಗೆ ಹೊಸ ಕಾರಣ ಸಿಕ್ಕಿತು. ನನ್ನ ತಟ್ಟೆಯಲ್ಲಿ ಜೋಳದ ರೊಟ್ಟಿ, ಕೆಂಪು ಮೆಣಸಿನಕಾಯಿ ಚಟ್ನಿ. ಅಕ್ಕನ ತಟ್ಟೆಯಲ್ಲಿ ಮೆತ್ತಗೆ ಕಲಸಿದ ಅನ್ನ, ಮೇಲೆ ಕೆನೆಮೊಸರು.

“ಆಕಿಗ್ಯಾಕ ಬ್ಯಾರೆ ಊಟ?” ಎಂದೆ.

“ಖಾರ ತಿಂದ್ರ ಬಾಯಿ ಉರಿತೈತಂತ. ಉಷ್ಣ ಆಗೇತಿ,” ಎಂದಳು ಅಮ್ಮ.

“ನನಗೂ ಉರಿತೈತಿ.”

“ನಿನಗ ಉರಿಯೋದು ಬಾಯಲ್ಲ ಬಿಡು,” ಎಂದಳು ಅಕ್ಕ. “ಬಾ, ತಟ್ಟಿ ಬದಲಿ ಮಾಡೋಣು. ಆ ಚಟ್ನಿ ಇತ್ತ ಕೊಡು, ಈ ಕೂಸಿನ ಕೂಳು ನೀ ತಿನ್ನು.”

ಚಟ್ನಿಯ ಒಂದು ತುತ್ತು ಬಾಯಿಗಿಟ್ಟವಳೇ ಅಕ್ಕ ಕಣ್ಣಲ್ಲಿ ನೀರು ತುಂಬಿಕೊಂಡು ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು. ಖಾರವೇ ಊಟವಾದ ನಮ್ಮ ಕಡೆ, ಖಾರ ಬಿಟ್ಟವಳು ಕಾಯಿಲೆಯವಳೆಂದು ಯಾರಿಗೂ ತೋಚುವುದಿಲ್ಲ. “ಸಾವ್ಕಾರ್ತಿ ಆಗ್ಯಾಳ, ಮೊಸರನ್ನ ಬೇಕಂತ,” ಎಂದು ಓಣಿಯ ಹೆಂಗಸರು ಆಡಿಕೊಂಡರು. ದವಾಖಾನೆಯ ವೈದ್ಯರೊಬ್ಬರು ದೂರದಿಂದಲೇ ಬಾಯಿ ನೋಡಿ ಹುಣ್ಣಿನ ಮಾತ್ರೆ ಕೊಟ್ಟರು. ಕೂಲಿಯವಳ ಬಾಯಿಗೆ ಬೆರಳು ಹಾಕಲು ಅವರಿಗೆ ಮನಸ್ಸು ಬರಲಿಲ್ಲ. ಅಡಿಕೆ ಬಿಡು ಎಂಬ ಒಂದು ಮಾತನ್ನೂ ಅವರು ಆಡಲಿಲ್ಲ.

ಎಂಬತ್ತರ ದಶಕದ ಆರಂಭಕ್ಕೆ ನಾನು ಕುರುಗೋಡಿನಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿಯಾಗಿದ್ದೆ. ಅಮ್ಮ ತೀರಿಕೊಂಡ ಮೇಲೆ ಅಕ್ಕ ನನ್ನಲ್ಲಿಗೆ ಬಂದಳು. ಅಷ್ಟರಲ್ಲಿ ಅವಳ ಹಲ್ಲುಗಳ ನಡುವೆ ಒಂದು ಬೆರಳು ಹೋಗುವುದೂ ಕಷ್ಟವಾಗಿತ್ತು. ಗಂಜಿಯನ್ನು ಹೀರಿ ಕುಡಿಯುತ್ತಿದ್ದಳು. ನಾನು ರೊಟ್ಟಿ ಸುತ್ತಿ ಕಚ್ಚುವಾಗ ಅವಳ ಕಣ್ಣು ನನ್ನ ದವಡೆಯ ಮೇಲಿರುತ್ತಿತ್ತು.

“ಎಷ್ಟು ದೊಡ್ಡ ಬಾಯಿ ತಗಿತೀಯಲೇ,” ಎಂದಳು ಒಮ್ಮೆ, ಹಲ್ಲುಗಳ ಸಂದಿನಿಂದಲೇ. “ನೋಡಿದ್ರ ಮೈಯೆಲ್ಲ ಕಿಚ್ಚು ಏಳತೈತಿ.”

“ನಿನ್ನ ಮೊಸರನ್ನ ನೋಡಿದಾಗ ನನಗೂ ಹಿಂಗ ಆಗ್ತಿತ್ತು.”

“ಅದನ್ನ ನಾ ನಿನಗ ಕೊಡಾಕ ಬಂದಿದ್ನಲ್ಲಲೇ, ಹುಚ್ಚಿ. ನಿನ್ನ ಬಾಯಿ ನನಗ ಕೊಡಾಕ ಬರತೈತೇನು?”

ಮರುದಿನ ಅವಳನ್ನು ಬಳ್ಳಾರಿಗೆ ಕರೆದೊಯ್ದೆ.

ಅಲ್ಲಿನ ಯುವ ವೈದ್ಯೆಯೊಬ್ಬರು ಅವಳ ಕೆನ್ನೆಯ ಒಳಗೆ ಬೆರಳಾಡಿಸಿ, “ನೀವೂ ಮುಟ್ಟಿ ನೋಡ್ರಿ,” ಎಂದರು. ಮೆತ್ತಗಿರಬೇಕಾದ ಜಾಗದಲ್ಲಿ ಬಾವಿಯ ಹಗ್ಗದಂತೆ ಬಿಗಿದ ಪಟ್ಟಿಗಳು. ಅವುಗಳ ಹಿಂದೆ, ಅಂಚು ಗಟ್ಟಿಯಾದ ಒಂದು ಹುಣ್ಣು.

“ಈ ಬಿಗಿ ಅಡಿಕಿ ಮಾಡಿದ್ದು. ಹುಣ್ಣು ಕ್ಯಾನ್ಸರ್ ಆಗೇತಿ,” ಎಂದರು ವೈದ್ಯೆ, ಹೊರಗೆ ಬಂದು. “ಖಾರ ಉರಿಯೋ ಕಾಲಕ್ಕ ಯಾರಾದ್ರೂ ಬೆರಳು ಹಾಕಿ ನೋಡಬೇಕಿತ್ತು.”

ಜೊತೆಗೆ ಬೆಳೆದ ನನಗೆ ತಿಳಿಯದಿದ್ದ ಅಕ್ಕ ಈ ಅಪರಿಚಿತೆಯ ಒಂದು ಬೆರಳಿಗೆ ತಿಳಿದುಬಿಟ್ಟಿದ್ದಳು. ಆ ಬೆರಳನ್ನು ಕಂಡು ನನಗೆ ಅಸೂಯೆಯಾಯಿತು.

ಆ ಬಿಗಿತಕ್ಕೂ ಆ ಹುಣ್ಣಿಗೂ ಇದ್ದ ಒಳನಂಟನ್ನು ನಾನು ಓದಿ ತಿಳಿದದ್ದು ಬಹಳ ತಡವಾಗಿ. ಜೀವಕೋಶಕ್ಕೆ ಕಣ್ಣಿಲ್ಲ, ಆದರೂ ತಾನು ನಿಂತ ನೆಲ ಎಂಥದೆಂದು ಅದು ಬಲ್ಲದು. ಕೆಸರಿಗಿಳಿಯುವ ಹೆಂಗಸು ಹೆಬ್ಬೆರಳಿನಿಂದ ನೆಲವನ್ನು ಒತ್ತಿ ನೋಡುವಂತೆ, ಅದು ಸುತ್ತಲಿನ ನಾರುಗಳನ್ನು ಹಿಡಿದು ಸದಾ ಎಳೆದು ನೋಡುತ್ತಿರುತ್ತದೆ. ನಾರು ಮಣಿದರೆ ಕೋಶ ತನ್ನ ಮಿತಿಯಲ್ಲಿರುತ್ತದೆ. ನಾರು ಗಡಸಾಗಿ ಮಣಿಯದೆ ನಿಂತರೆ, ಆ ಬಲ ಕೋಶದ ಕೇಂದ್ರದವರೆಗೂ ಸಂದೇಶವಾಗಿ ತಲುಪುತ್ತದೆ: ಹರಡು, ಎರಡಾಗು, ಮುಂದೆ ಸರಿ. ಅಡಿಕೆ, ಹೊಗೆಸೊಪ್ಪಿನ ವಿಷದಿಂದ ಮೊದಲೇ ಕೆಟ್ಟಿರುವ ಕೋಶಕ್ಕೆ ಅಂಥ ನೆಲ ಒತ್ತಾಸೆಯಾಗುತ್ತದೆ. ಗಡಸುತನವೊಂದೇ ಕ್ಯಾನ್ಸರನ್ನು ತರುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಅದು ಬರಿಯ ಲಕ್ಷಣವಲ್ಲ, ಕೇಡಿನಲ್ಲಿ ಪಾಲುದಾರ, ಅದೂ ಬೆರಳಿಗೆ ಸಿಗುವ ಪಾಲುದಾರ. ಕಣ್ಣಿಗೆ ಕಾಣದ ಕೋಶ ತನ್ನ ಮೇಲಿನ ಒತ್ತಡವನ್ನು ಅಷ್ಟು ಸೂಕ್ಷ್ಮವಾಗಿ ಅರಿಯುತ್ತದೆಂದು ಓದಿದಾಗ ಅದರ ಮೇಲೂ ನನಗೆ ಮತ್ಸರ ಹುಟ್ಟಿತು. ಅಕ್ಕನ ಮೇಲಿದ್ದ ಒತ್ತಡವನ್ನು ಅವಳ ಸುತ್ತಲಿದ್ದ ನಾವು ಯಾರೂ ಹಾಗೆ ಅರಿಯಲಿಲ್ಲ.

ಅಕ್ಕ ತೀರಿಕೊಂಡ ವರ್ಷವೇ, ನಾಟಿಯ ಕಾಲಕ್ಕೆ, ಆ ಗದ್ದೆಗೆ ಹೋದೆ. ಬುಟ್ಟಿಯಲ್ಲಿ ಈಗ ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಸಗಟಾಗಿ ತಂದ ಅಡಿಕೆಪುಡಿಯ ಹೊಳೆಯುವ ಪೊಟ್ಟಣಗಳೂ ಇದ್ದವು. ಇದನ್ನು ಇನ್ನೂ ಯಾಕೆ ಹಂಚುತ್ತೀರೆಂದು ಬೇವಿನ ನೆರಳಿನಲ್ಲಿ ಕುಳಿತಿದ್ದ ಒಡೆಯರನ್ನು ಕೇಳಿದೆ.

“ಅವರೇ ಕೇಳ್ತಾರ್ರೀ ಟೀಚರ್. ನಾವೇನು ಬಾಯಾಗ ತುರುಕ್ತೀವೇನು?” ಎಂದವರು ಒಂದು ಮೆಣಸಿನಕಾಯಿ ಬಜ್ಜಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡರು.

ಆ ಬಾಯಿ ಎಷ್ಟು ಸಲೀಸಾಗಿ ತೆರೆಯಿತು! ನನ್ನ ಬದುಕಿನ ಅತಿ ದೊಡ್ಡ ಅಸೂಯೆ ಅದೇ. ಅದನ್ನು ನಾನು ಬಿಟ್ಟಿಲ್ಲ, ಬಿಡುವ ಉದ್ದೇಶವೂ ಇಲ್ಲ.

ಆ ಜಮೀನುಗಳನ್ನು ಇಂದು ನಡೆಸುತ್ತಿರುವವರೇ, ಈ ಹಂಗಾಮಿನಿಂದಲೇ ಕೂಲಿಯೊಂದಿಗೆ ಅಡಿಕೆ, ತಂಬಾಕು ಹಂಚುವುದನ್ನು ನಿಲ್ಲಿಸಿ, ಕೂಲಿ ಮುರಿಯದೆ ಮಧ್ಯಾಹ್ನ ಒಂದು ಗಂಟೆಯ ಹೊತ್ತು ಊಟಕ್ಕೆ ಬಿಡಿ. ತಾಲ್ಲೂಕಿನ ವೈದ್ಯಾಧಿಕಾರಿಗಳೇ, ನಾಟಿ ಶುರುವಾಗುವ ಮುನ್ನ ಗದ್ದೆಗೆ ಬನ್ನಿ. ಪ್ರತಿ ಹೆಂಗಸಿನ ಬಾಯಿ ಎಷ್ಟು ತೆರೆಯುತ್ತದೆಂದು ಅಳೆಯಿರಿ, ಕೈಗವಸು ಹಾಕಿಕೊಂಡು ಎರಡೂ ಕೆನ್ನೆಗಳನ್ನು ಒಳಗಿನಿಂದ ಮುಟ್ಟಿ ನೋಡಿ. ಬಿಗಿತ ಕಂಡವಳ ಚಿಕಿತ್ಸೆಯ ಖರ್ಚನ್ನು ಅಡಿಕೆ ಹಂಚಿದವರಿಂದಲೇ ವಸೂಲಿ ಮಾಡಿ.